ಬಲಗಾಲು ಮುಂದಿಡುವ ಮೊದಲು

ಬಾಕ್ಸಿಂಗ್ ಕಲಿಯತೊಡಗಿದ ಒಂಬತ್ತನೆಯ ವರ್ಷದಲ್ಲಿ ನನ್ನ ಬಲ ಭುಜಕ್ಕೆ ಪೆಟ್ಟಾಯಿತು. ಆರು ವಾರ ಬಲಗೈಯಿಂದ ಒಂದೇ ಒಂದು ಗುದ್ದನ್ನೂ ಹೊಡೆಯಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಮನೆಯಲ್ಲಿ ಕೂರಲಾರದೆ ತರಬೇತಿಯ ಹೊತ್ತಿಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಎರಡು ದಿನ ನೋಡಿದ ನಮ್ಮ ಕೋಚ್ ಮೂರನೆಯ ದಿನ ಹತ್ತಿರ ಬಂದು, "ಎಡಗಾಲು ಹಿಂದಕ್ಕೆ ತಗೋ, ಬಲಗಾಲು ಮುಂದಿಡು. ಬಲಗೈ ಕೆನ್ನೆ ಬಿಟ್ಟು ಅಲ್ಲಾಡಬಾರದು. ಆರು ವಾರ ಹಾಗೇ ನಡೀತಾ ಇರು" ಎಂದರು. ನಡೆ ಎಂದರೇ ಹೊರತು ಹೊಡೆ ಎನ್ನಲಿಲ್ಲ. ಅವರು ಆ ಎರಡು ಪದಗಳ ನಡುವೆ ಇಟ್ಟಿದ್ದ ಅಂತರ ನನಗೆ ಅರ್ಥವಾಗಲು ಆ ಆರು ವಾರಗಳ ಜೊತೆಗೆ ಒಂದು ಸೋಲೂ ಬೇಕಾಯಿತು.

ನಾನು ಆರ್ಥೊಡಾಕ್ಸ್ ಬಾಕ್ಸರ್. ಎಂದರೆ ಎಡಗಾಲು ಮತ್ತು ಎಡಗೈ ಎದುರಾಳಿಯ ಕಡೆಗೆ, ಬಲಗೈ ಗದ್ದದ ಬಳಿ ಹಿಂದೆ. ಇದನ್ನು ತಿರುಗಿಸಿ ಬಲಗಾಲನ್ನು ಮುಂದಿಟ್ಟರೆ ಅದು ಸೌತ್‌ಪಾ. ಕಾಗದದ ಮೇಲೆ ಇದು ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಷ್ಟು ಸರಳ. ಮೊದಲ ದಿನ ಆ ನಿಲುವಿನಲ್ಲಿ ರಿಂಗಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಾಗ ನನ್ನ ಪಾದಗಳು ಎರಡು ಬಾರಿ ಒಂದಕ್ಕೊಂದು ತಾಗಿದವು. ಒಂಬತ್ತು ವರ್ಷಗಳಲ್ಲಿ ಹಾಗೆ ಆಗಿರಲಿಲ್ಲ. ಆದರೆ ಕೈ ಬೇಗ ಒಗ್ಗಿಕೊಂಡಿತು. ಎರಡನೆಯ ವಾರದಿಂದ ಪಂಚಿಂಗ್ ಬ್ಯಾಗಿಗೆ ಎಡಗೈಯ ನೇರ ಗುದ್ದನ್ನು ಹೊಡೆಯಲು ಒಪ್ಪಿಗೆ ಸಿಕ್ಕಾಗ ಅದರ ಸದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಮುಂದೆ ನಿಂತು ಅಳತೆ ತೆಗೆಯುವ ಕೆಲಸ ಮಾಡಿಕೊಂಡಿದ್ದ ಕೈಗೆ ಮೊದಲ ಬಾರಿಗೆ ಸೊಂಟದ ತಿರುವೂ ಹಿಂಗಾಲಿನ ಒತ್ತೂ ಪೂರ್ತಿಯಾಗಿ ದೊರೆತಿದ್ದವು. ಒಂದು ಕೈಗೆ ಕೊಟ್ಟ ವ್ಯಾಯಾಮದಿಂದ ಸುಮ್ಮನಿದ್ದ ಇನ್ನೊಂದು ಕೈಗೂ ಸ್ವಲ್ಪ ಬಲ ಕೂಡುತ್ತದೆಂಬುದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಅವರ ಸಂಗಡಿಗರು 1894ರಷ್ಟು ಹಿಂದೆಯೇ ದಾಖಲಿಸಿದ್ದಾರೆ; ಗಾಯಗೊಂಡ ಕ್ರೀಡಾಪಟುವಿಗೆ ಗಾಯವಿಲ್ಲದ ಕೈಯ ವ್ಯಾಯಾಮವನ್ನು ಇಂದಿಗೂ ಹೇಳಿಕೊಡುವುದು ಈ ಕಾರಣಕ್ಕೇ. ಆದ್ದರಿಂದ ಆರು ವಾರದ ಆ ದುಡಿಮೆ ಭುಜದ ದೃಷ್ಟಿಯಿಂದಲೂ ವ್ಯರ್ಥವಾಗಲಿಲ್ಲ.

ಎರಡೂ ಕೈಗಳಲ್ಲಿ ಸಮಾನ ಕೌಶಲವುಳ್ಳವನನ್ನು ನಾವು ಸವ್ಯಸಾಚಿ ಎನ್ನುತ್ತೇವೆ. ಎಡಗೈಯಿಂದಲೂ ಬಿಲ್ಲನ್ನು ಸೆಳೆಯಬಲ್ಲವನಾದ ಅರ್ಜುನನಿಗೆ ಆ ಹೆಸರು ಬಂತು. ಎರಡೂ ನಿಲುವುಗಳಲ್ಲಿ ಆಡುವ ಬಾಕ್ಸರ್‌ಗೂ ಜನ ಇದೇ ಪದವನ್ನು ಬಳಸುವುದನ್ನು ಕೇಳಿದ್ದೇನೆ. ನನಗೆ ಅದು ಅಷ್ಟಾಗಿ ಹೊಂದುವುದಿಲ್ಲ ಎನ್ನಿಸುತ್ತದೆ. ಆ ಪದದ ಗಮನವೆಲ್ಲ ಕೈಯ ಮೇಲಿದೆ. ರಿಂಗಿನಲ್ಲಿ ನಿಲುವು ಬದಲಾದಾಗ ಕಷ್ಟಕ್ಕೆ ಸಿಗುವುದು ಕಾಲು, ಕಾಲಿನ ನಂತರ ಕಣ್ಣು, ಅದಕ್ಕಿಂತ ಹೆಚ್ಚಾಗಿ ಯೋಚಿಸದೆ ತಾನಾಗಿ ಏಳುವ ರಕ್ಷಣೆಯ ಅಭ್ಯಾಸ.

ಬರೆಯುವ ಕೈಗೂ ನಿಲುವಿಗೂ ಇರುವ ಸಂಬಂಧ ಹೊರಗಿನವರು ಭಾವಿಸುವಷ್ಟು ಗಟ್ಟಿಯಾದುದಲ್ಲ. ಬಾಕ್ಸಿಂಗ್ ಚಾಂಪಿಯನ್‌ಗಳಾದ ಆಸ್ಕರ್ ಡೆ ಲಾ ಹೋಯಾ ಮತ್ತು ಮಿಗೆಲ್ ಕೋಟೊ ಇಬ್ಬರೂ ಹುಟ್ಟಾ ಎಡಚರು, ಆದರೂ ಆರ್ಥೊಡಾಕ್ಸ್ ನಿಲುವಿನಲ್ಲಿ ಆಡಿದರು. ಅವರ ಎಡಗೈ ಹುಕ್, ಎಂದರೆ ಪಕ್ಕದಿಂದ ಬಾಗಿ ಬರುವ ಗುದ್ದು, ಅಷ್ಟು ಭಾರವಾಗಿದ್ದುದಕ್ಕೆ ಬಲಶಾಲಿಯಾದ ಕೈಯೇ ಮುಂದೆ, ಎದುರಾಳಿಗೆ ಹತ್ತಿರ ಇದ್ದುದು ಒಂದು ಮುಖ್ಯ ಕಾರಣ. 1994ರಲ್ಲಿ ಇವ್ಯಾಂಡರ್ ಹೋಲಿಫೀಲ್ಡ್ ಅವರನ್ನು ಸೋಲಿಸಿ ಹೆವಿವೇಟ್ ಪಟ್ಟಕ್ಕೇರಿದ ಮೊದಲ ಸೌತ್‌ಪಾ ಎನ್ನಿಸಿಕೊಂಡ ಮೈಕೆಲ್ ಮೂರರ್ ಬಲಗೈ ಬಳಕೆಯವರು. ಆದ್ದರಿಂದ ನಿಲುವು ಎಂಬುದನ್ನು ಹುಟ್ಟಿನಿಂದ ಬಂದ ಗುಣವೆಂದು ನೋಡುವುದಕ್ಕಿಂತ ಕೆಲಸದ ಹಂಚಿಕೆಯೆಂದು ನೋಡುವುದು ಸರಿ. ಮುಂದಿನ ಕೈ ದೂರವನ್ನು ಅಳೆಯುತ್ತದೆ, ಎದುರಾಳಿಯ ಕಣ್ಣನ್ನು ಕಟ್ಟಿಹಾಕುತ್ತದೆ, ದಾರಿ ತೆರೆಯುತ್ತದೆ. ಹಿಂದಿನ ಕೈ ಗದ್ದವನ್ನು ಕಾಯುತ್ತಾ ಆ ದಾರಿಗಾಗಿ ಕಾದಿರುತ್ತದೆ. ಮುಂಗಾಲು ದಿಕ್ಕು ತೋರಿಸಿದರೆ ಹಿಂಗಾಲು ಬಲವನ್ನು ಕೊಡುತ್ತದೆ. ನಿಲುವನ್ನು ತಿರುಗಿಸಿದ ಕೂಡಲೇ ಈ ನಾಲ್ವರಿಗೂ ಒಮ್ಮೆಲೇ ಹೊಸ ಕೆಲಸ ವಹಿಸಿದಂತಾಗುತ್ತದೆ.

ಹಾಗಿದ್ದರೆ ಬಾಕ್ಸರ್ ಆದವನು ತನ್ನದಲ್ಲದ ಎದುರು ನಿಲುವನ್ನು ಕಲಿಯಬೇಕೆ? ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ಪರ್ಧೆಯಲ್ಲಿ ಬಳಸಬೇಕೆ ಎಂಬುದು ಬೇರೆಯದೇ ಪ್ರಶ್ನೆ. ಅದಕ್ಕೆ ಹೌದು ಎನ್ನಬಹುದಾದ ಬಾಕ್ಸರ್‌ಗಳು ತೀರ ಕಡಿಮೆ. ಈ ಎರಡನ್ನೂ ಒಂದೇ ಪ್ರಶ್ನೆಯಾಗಿ ಕೇಳುವುದರಿಂದಲೇ ಕೆಲವು ಕೋಚ್‌ಗಳು ಇದನ್ನು ಪೂರ್ತಿಯಾಗಿ ನಿಷೇಧಿಸುತ್ತಾರೆ, ಕೆಲವು ಹುಡುಗರು ಮುಂದಿನ ಕೈಯ ಚುರುಕು ನೇರ ಗುದ್ದಾದ ಜ್ಯಾಬ್ ಸರಿಯಾಗಿ ಬರುವ ಮೊದಲೇ ಕಾಲು ಬದಲಿಸುತ್ತಾ ತಿರುಗುತ್ತಾರೆ.

ಮೊದಲು ಕಲಿಯುವುದರ ಬಗ್ಗೆ. ಸೌತ್‌ಪಾ ಬಾಕ್ಸರ್‌ಗಳೊಡನೆ ಸ್ಪಾರಿಂಗ್ (ಅಭ್ಯಾಸದ ಆಟ) ಮಾಡುವಾಗಲೆಲ್ಲ ನಾನು ಒದ್ದಾಡುತ್ತಿದ್ದೆ. ನನ್ನ ಜ್ಯಾಬ್ ಹೊರಡುವ ಮೊದಲೇ ಅವರ ಮುಂದಿನ ಕೈ ಅದರ ದಾರಿಯಲ್ಲಿ ಅಡ್ಡ ನಿಂತಿರುತ್ತಿತ್ತು, ಮುಂಗಾಲುಗಳು ಒಂದನ್ನೊಂದು ತುಳಿಯುತ್ತಿದ್ದವು, ತಲೆಗೆ ತಲೆ ತಾಗುತ್ತಿತ್ತು. ಮುಂಗಾಲನ್ನು ಅವರ ಮುಂಗಾಲಿನ ಹೊರಬದಿಗೆ ಇಡಬೇಕು, ಆಗ ಬಲಗೈಯ ನೇರ ಗುದ್ದಿಗೆ ದಾರಿ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹೇಳಿದ್ದರು, ನಾನೂ ಅದನ್ನು ಪಾಠದಂತೆ ಒಪ್ಪಿಸುತ್ತಿದ್ದೆ. ಆ ಆರು ವಾರ ಸ್ವತಃ ಸೌತ್‌ಪಾ ಆಗಿ ನಿಂತು ಒಬ್ಬ ಆರ್ಥೊಡಾಕ್ಸ್ ಗೆಳೆಯನ ಎದುರು ಸುಮ್ಮನೆ ಸುತ್ತುತ್ತಿದ್ದಾಗ ಮಾತ್ರ ಅದು ಕಣ್ಣಿಗೆ ಕಂಡಿತು. ಅವನ ಎಡಗಾಲು ನನ್ನ ಬಲಗಾಲಿನ ಹೊರಗೆ ಬಂದ ಪ್ರತಿ ಸಲವೂ ನನಗೆ ಇಕ್ಕಟ್ಟಾಗುತ್ತಿತ್ತು, ಮೈ ತಾನಾಗಿ ಹಿಂದೆ ಸರಿಯುತ್ತಿತ್ತು. ಅವನು ಮರೆತು ಒಳಬದಿಯಲ್ಲೇ ಉಳಿದಾಗ ಅವನ ಬಲ ಪಕ್ಕೆ ನನ್ನ ಎಡಗೈಗೆ ನೇರವಾಗಿ, ಯಾವ ಅಡೆತಡೆಯೂ ಇಲ್ಲದೆ ತೆರೆದುಕೊಳ್ಳುತ್ತಿತ್ತು. ಯಕೃತ್ತು ಇರುವುದು ಅಲ್ಲೇ, ಬಲಗಡೆ ಪಕ್ಕೆಲುಬುಗಳ ಅಡಿಯಲ್ಲಿ. ಆರ್ಥೊಡಾಕ್ಸ್ ಬಾಕ್ಸರ್‌ಗಳ ನಡುವಣ ಆಟದಲ್ಲಿ ಅದು ಹಿಂದಿನ ಬದಿಯಲ್ಲಿ ಅಡಗಿದ್ದು, ಎಡಗೈ ಹುಕ್ ಬಳಸಿ ಬಂದರೆ ಮಾತ್ರ ಮುಟ್ಟುತ್ತದೆ. ಸೌತ್‌ಪಾ ಎದುರಿಗಿದ್ದರೆ ಹಿಂದಿನ ಕೈಯ ನೇರ ಗುದ್ದು ಸೀದಾ ಅಲ್ಲಿಗೇ ಹೋಗುತ್ತದೆ. ಒಂಬತ್ತು ವರ್ಷ ನಾನು ಎಲ್ಲಿ ಬಯಲಾಗಿ ನಿಂತಿದ್ದೆ ಎಂಬುದನ್ನು ಎದುರು ಬದಿಯಿಂದ ನೋಡಿದ ಮೇಲೆಯೇ ನನ್ನ ಬಲ ಮೊಣಕೈ ತನ್ನ ಜಾಗವನ್ನು ಕಲಿತದ್ದು.

ಇದಕ್ಕೆ ಇನ್ನೊಂದು ಮುಖವಿದೆ. ಜನರಲ್ಲಿ ಎಡಚರು ಹತ್ತರಲ್ಲಿ ಒಬ್ಬರು. ತರಬೇತಿ ಕೇಂದ್ರಗಳಲ್ಲಿ ಸೌತ್‌ಪಾ ಬಾಕ್ಸರ್‌ಗಳು ಯಾವಾಗಲೂ ವಿರಳ. ಸೌತ್‌ಪಾ ಆದವರು ದಿನಬೆಳಗಾದರೆ ಆರ್ಥೊಡಾಕ್ಸ್ ಬಾಕ್ಸರ್‌ಗಳನ್ನೇ ಎದುರಿಸುತ್ತಾರೆ, ಆದರೆ ಆರ್ಥೊಡಾಕ್ಸ್ ಬಾಕ್ಸರ್‌ಗೆ ಸೌತ್‌ಪಾ ಸಿಗುವುದು ಅಪರೂಪ. ಅವರ ಮೇಲುಗೈಗೆ ಈ ಅಭ್ಯಾಸದ ಅಸಮಾನತೆಯೇ ದೊಡ್ಡ ಕಾರಣ. ಎಡಗೈಯಲ್ಲಿ ಏನೋ ವಿಶೇಷವಿದೆ ಎಂಬುದನ್ನು ನಾನು ನಂಬುವುದಿಲ್ಲ. ಒಂದು ಕೇಂದ್ರದಲ್ಲಿ ನಾಲ್ಕೈದು ಮಂದಿ ಆರ್ಥೊಡಾಕ್ಸ್ ಬಾಕ್ಸರ್‌ಗಳು ಸಾಧಾರಣ ಮಟ್ಟಕ್ಕಾದರೂ ಸೌತ್‌ಪಾ ಆಗಿ ನಿಲ್ಲಬಲ್ಲರಾದರೆ ಅಲ್ಲಿನ ಎಲ್ಲರಿಗೂ ಆ ಅಭ್ಯಾಸ ದೊರೆಯುತ್ತದೆ. ಇದಕ್ಕೆ ಅವರು ಆ ನಿಲುವಿನಲ್ಲಿ ಗೆಲ್ಲುವಷ್ಟು ನುರಿತವರಾಗಬೇಕಿಲ್ಲ. ಕಾಲನ್ನು ಸರಿಯಾದ ಕಡೆ ಇಟ್ಟು, ಸರಿಯಾದ ಕಡೆಯಿಂದ ಗುದ್ದನ್ನು ಕಳಿಸಿದರೆ ಸಾಕು.

ಆದರೆ ಕಲಿಯಲೇಬೇಕು ಎನ್ನುವುದಕ್ಕೆ ನನ್ನ ಬಳಿ ಇರುವ ಅತ್ಯಂತ ಬಲವಾದ ಕಾರಣ ಇವೆರಡೂ ಅಲ್ಲ. ಆಟದ ನಡುವೆ ನಾವು ಬಯಸಲಿ ಬಿಡಲಿ ಕಾಲುಗಳು ತಿರುಗುತ್ತವೆ. ಬಲಗೈಯನ್ನು ಪೂರ್ತಿ ಚಾಚಿ ಹೊಡೆದ ಗುದ್ದು ಗುರಿ ತಪ್ಪಿದಾಗ ಮೈಯ ಭಾರ ಮುಂದಕ್ಕೆ ಹೋಗಿ, ಬೀಳದಿರಲು ಬಲಗಾಲು ಒಂದು ಹೆಜ್ಜೆ ಮುಂದೆ ಬರುತ್ತದೆ. ಓಡಿಹೋಗುವ ಎದುರಾಳಿಯನ್ನು ಹಗ್ಗದತ್ತ ಅಟ್ಟುವಾಗ, ಮೂಲೆಯಿಂದ ತಪ್ಪಿಸಿಕೊಳ್ಳುವಾಗ, ಅಪ್ಪಿ ಹಿಡಿದ ತೋಳುಗಳನ್ನು ರೆಫರಿ ಬಿಡಿಸಿದಾಗಲೂ ಹೀಗೆಯೇ ಆಗುತ್ತದೆ. ಅರ್ಧ ಸೆಕೆಂಡಿನ ಮಟ್ಟಿಗೆ ಪ್ರತಿಯೊಬ್ಬ ಆರ್ಥೊಡಾಕ್ಸ್ ಬಾಕ್ಸರ್ ಕೂಡ ಸೌತ್‌ಪಾ ಆಗಿರುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ತಾನೆಲ್ಲಿದ್ದೇನೆಂದು ತಿಳಿಯದವನು ಹೇಗಾದರೂ ಹಳೆಯ ನಿಲುವಿಗೆ ಮರಳಲು ಕಾಲೆಳೆದುಕೊಳ್ಳುತ್ತಾನೆ, ಆಗ ಎರಡೂ ಪಾದಗಳು ಒಂದೇ ಸಾಲಿಗೆ ಬಂದು ಸಣ್ಣದೊಂದು ಪೆಟ್ಟಿಗೂ ಹಿಂದಕ್ಕೆ ಕುಸಿಯುತ್ತಾನೆ. ಆ ನಿಲುವು ಪರಿಚಯವಿದ್ದವನು ಇದ್ದಲ್ಲಿಯೇ ಕೈಗಳನ್ನು ಮುಖದ ಕಾವಲಿಗೆ ತಂದು, ಎಂದರೆ ಗಾರ್ಡ್ ಕಟ್ಟಿಕೊಂಡು, ಸಾಧ್ಯವಾದರೆ ಎಡಗೈಯಿಂದ ಒಂದು ಗುದ್ದನ್ನೂ ಕೊಟ್ಟು, ನಂತರ ಸಾವಧಾನವಾಗಿ ತನ್ನ ಜಾಗಕ್ಕೆ ಬರುತ್ತಾನೆ.

ಈ ತಿಳಿವಳಿಕೆ ತೀರ ಹಳೆಯದು. 1897ರ ಮಾರ್ಚ್ 17ರಂದು ಅಮೆರಿಕದ ಕಾರ್ಸನ್ ಸಿಟಿಯಲ್ಲಿ ಬಾಬ್ ಫಿಟ್ಜ್‌ಸಿಮನ್ಸ್ ಅವರು ಹೆವಿವೇಟ್ ಚಾಂಪಿಯನ್ ಜೇಮ್ಸ್ ಕಾರ್ಬೆಟ್ ಅವರನ್ನು 14ನೇ ಸುತ್ತಿನಲ್ಲಿ ಕೆಡವಿದ್ದು ಇಂಥದ್ದೇ ಒಂದು ಹೆಜ್ಜೆಯಿಂದ. ಬಲಗಾಲನ್ನು ಮುಂದಕ್ಕೆ ತಂದು, ಆ ಕ್ಷಣಕ್ಕೆ ಹಿಂದಿನ ಕೈಯಾದ ಎಡಗೈಯಿಂದ ಎದೆಗೂಡಿನ ಕೆಳಗಿನ ಹೊಟ್ಟೆಯ ಕುಳಿಗೆ ಹೊಡೆದರು. ಕಾರ್ಬೆಟ್ ಅವರಿಗೆ ಎಚ್ಚರವಿತ್ತು, ಆದರೆ ಉಸಿರು ಸಿಗದೆ ಏಳಲಾಗಲಿಲ್ಲ. ಫಿಟ್ಜ್‌ಸಿಮನ್ಸ್ ಆ ಆಟವನ್ನು ಸೌತ್‌ಪಾ ಆಗಿ ಆಡಿದರೆಂದು ಯಾರೂ ಹೇಳುವುದಿಲ್ಲ. ಒಂದು ಹೆಜ್ಜೆಯ ಮಟ್ಟಿಗೆ ಆ ಕಡೆಗೆ ಹೋಗಿ ಬಂದರು, ಅಷ್ಟೆ. ಬಹುಪಾಲು ಬಾಕ್ಸರ್‌ಗಳಿಗೆ ಎದುರು ನಿಲುವು ಬೇಕಾಗಿರುವುದು ಇಷ್ಟರ ಮಟ್ಟಿಗೆ.

ಇನ್ನು ಸ್ಪರ್ಧೆಯಲ್ಲಿ ಅದನ್ನು ಬಳಸುವ ಮಾತು. ಇಲ್ಲಿ ನನ್ನ ಸೋಲನ್ನು ಹೇಳಲೇಬೇಕು. ಭುಜ ವಾಸಿಯಾಗಿ ಮೂರು ತಿಂಗಳ ಬಳಿಕ ಮೂರು ಸುತ್ತುಗಳ ಒಂದು ಸ್ಪರ್ಧೆಯಲ್ಲಿದ್ದೆ. ಎರಡನೆಯ ಸುತ್ತಿನ ನಡುವೆ, ಕೋಚ್ ಹೇಳದಿದ್ದರೂ, ಬಲಗಾಲನ್ನು ಮುಂದಿಟ್ಟೆ. ಎದುರಾಳಿ ಗಲಿಬಿಲಿಗೊಂಡ. ಎಡಗೈಯ ನೇರ ಗುದ್ದು ಎರಡು ಸಲ ಅವನ ಮುಖಕ್ಕೆ ಸರಿಯಾಗಿ ತಗುಲಿತು. ಆ ಸಂತೋಷ ಇಂದಿಗೂ ನೆನಪಿದೆ. ಮೂರನೆಯ ಸುತ್ತಿನಲ್ಲಿ ಮತ್ತೆ ಅದೇ ನಿಲುವಿಗೆ ಹೋದೆ, ಆದರೆ ಆ ಹೊತ್ತಿಗೆ ನಾನು ದಣಿದಿದ್ದೆ. ಅವನ ಬಲಗೈ ಹೊರಟಿದ್ದು ನನಗೆ ಕಂಡಿತು. ಒಂಬತ್ತು ವರ್ಷಗಳಿಂದ ಆ ಗುದ್ದು ಬಂದಾಗ ಮಾಡುತ್ತಿದ್ದುದನ್ನೇ ನನ್ನ ಮೈ ಮಾಡಿತು: ಗದ್ದವನ್ನು ಎಡ ಭುಜದ ಮರೆಗೆ ತಳ್ಳಿ, ಆ ಭುಜವನ್ನು ಮೇಲಕ್ಕೆತ್ತಿತು. ಆದರೆ ಆ ಭುಜ ಮುಂದಿರಲಿಲ್ಲ, ಹಿಂದಿತ್ತು. ಗದ್ದ ಪೂರ್ತಿ ಬಯಲಿನಲ್ಲಿತ್ತು. ರೆಫರಿ ಎಂಟರವರೆಗೆ ಎಣಿಸುವುದು ಕೇಳಿಸಿತು. ಎದ್ದು ನಿಂತೆ, ಸ್ಪರ್ಧೆ ಮುಗಿಸಿದೆ, ಸೋತೆ. ಕೋಚ್ ಬಯ್ಯಲಿಲ್ಲ. ಕೈಗವಸು ಬಿಚ್ಚುತ್ತಾ, "ಹೊಡೆಯೋಕೆ ಕಲಿತಿದ್ದೆ, ಕಾಯೋಕೆ ಕಲಿತಿರಲಿಲ್ಲ ನೀನು" ಎಂದಷ್ಟೇ ಹೇಳಿದರು.

ಈ ವಿಷಯದಲ್ಲಿ ನಾನು ನಂಬುವ ಏಕೈಕ ಅಳತೆಗೋಲು ಆ ಮಾತಿನಿಂದ ಬಂದದ್ದು. ಹೊಸ ನಿಲುವಿನಲ್ಲಿ ಎಷ್ಟು ಬಲವಾಗಿ ಗುದ್ದುತ್ತೀರಿ ಎಂಬುದಕ್ಕೆ ಬೆಲೆ ಕಡಿಮೆ, ಏಕೆಂದರೆ ಅದು ಬೇಗ ಬರುತ್ತದೆ ಮತ್ತು ಬೇಗ ಬಂದುದರಿಂದಲೇ ಮೋಸ ಮಾಡುತ್ತದೆ. ಕೊನೆಯ ಸುತ್ತಿನ ಕೊನೆಯ ನಿಮಿಷದಲ್ಲಿ, ಕಾಲು ಸೋತು ಉಸಿರು ಹತ್ತಿದಾಗ, ಯೋಚಿಸದೆ ಬರುವ ರಕ್ಷಣೆ ಸರಿಯಾದ ಕಡೆಯಿಂದ ಬರುತ್ತದೆಯೇ ಎಂದು ನೋಡಬೇಕು. ನನ್ನಲ್ಲಿ ಅದು ಇಂದಿಗೂ ಬರುವುದಿಲ್ಲ. ಹಾಗಾಗಿ ಆ ಸ್ಪರ್ಧೆಯ ನಂತರ ನಾನು ಮತ್ತೆಂದೂ ಒಂದು ಹೆಜ್ಜೆಗಿಂತ ಹೆಚ್ಚು ಹೊತ್ತು ಸೌತ್‌ಪಾ ಆಗಿ ಆಡಲಿಲ್ಲ.

ದೊಡ್ಡ ಆಟಗಾರರ ವಿಷಯ ಬೇರೆ ಎನ್ನುವವರಿಗೆ ನಾನು ಮಾರ್ವಿನ್ ಹ್ಯಾಗ್ಲರ್ ಅವರ ಕೊನೆಯ ಆಟವನ್ನು ನೆನಪಿಸುತ್ತೇನೆ. 1980ರಿಂದ ಮಿಡ್ಲ್‌ವೇಟ್ ಪಟ್ಟವನ್ನು ಹಿಡಿದಿದ್ದ ಹ್ಯಾಗ್ಲರ್ ಎರಡೂ ನಿಲುವುಗಳನ್ನು ಬಲ್ಲವರು. ಆದರೆ ಅವರ ಮನೆ ಎಂದರೆ ಸೌತ್‌ಪಾ. 1987ರ ಏಪ್ರಿಲ್ 6ರಂದು ಲಾಸ್ ವೇಗಾಸ್‌ನಲ್ಲಿ, ಸುಮಾರು ಮೂರು ವರ್ಷ ರಿಂಗಿನಿಂದ ದೂರವಿದ್ದು ಮರಳಿದ್ದ ಶುಗರ್ ರೇ ಲೆನಾರ್ಡ್ ಎದುರು ಅವರು ಆರ್ಥೊಡಾಕ್ಸ್ ನಿಲುವಿನಲ್ಲಿ ಆಟ ಶುರುಮಾಡಿದರು. ಮೊದಲ ಎರಡು ಸುತ್ತುಗಳನ್ನು ಮೂವರು ತೀರ್ಪುಗಾರರೂ ಲೆನಾರ್ಡ್ ಅವರಿಗೆ ಕೊಟ್ಟರು. ಮೂರನೆಯ ಸುತ್ತಿಗೆ ಹ್ಯಾಗ್ಲರ್ ತಮ್ಮ ನಿಲುವಿಗೆ ಮರಳಿದರು, ಆಟ ಬಿಗಿಯಾಯಿತು. 12 ಸುತ್ತು ಮುಗಿದಾಗ ಒಬ್ಬ ತೀರ್ಪುಗಾರರು 115-113 ಎಂದು ಹ್ಯಾಗ್ಲರ್ ಕಡೆಗೆ, ಇನ್ನೊಬ್ಬರು ಅದೇ 115-113ರಿಂದ ಲೆನಾರ್ಡ್ ಕಡೆಗೆ, ಮೂರನೆಯವರು 118-110ರಿಂದ ಲೆನಾರ್ಡ್ ಕಡೆಗೆ ಅಂಕ ನೀಡಿದ್ದರು. ಈ ಅಂಕಗಳನ್ನು ನಾನು ಎಷ್ಟೋ ಬಾರಿ ಕೂಡಿ ಕಳೆದು ನೋಡಿದ್ದೇನೆ. ಗೆದ್ದವರಿಗೆ 10, ಸೋತವರಿಗೆ 9 ಎಂಬ ಲೆಕ್ಕದಲ್ಲಿ ಮೊದಲ ಎರಡು ಸುತ್ತುಗಳ ಪೈಕಿ ಒಂದೇ ಒಂದು ಹ್ಯಾಗ್ಲರ್ ಪಾಲಿಗೆ ಬಂದಿದ್ದರೂ ಎರಡನೆಯ ತೀರ್ಪುಗಾರರ ಪಟ್ಟಿ 114-114 ಆಗುತ್ತಿತ್ತು. ಒಬ್ಬರು ಹ್ಯಾಗ್ಲರ್ ಕಡೆ, ಒಬ್ಬರು ಲೆನಾರ್ಡ್ ಕಡೆ, ಒಬ್ಬರು ಸಮ: ಆಟ ಡ್ರಾ, ಪಟ್ಟ ಚಾಂಪಿಯನ್ನನ ಬಳಿಯೇ ಉಳಿಯುತ್ತಿತ್ತು. ಹ್ಯಾಗ್ಲರ್ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ. ಸೌತ್‌ಪಾ ಆಗಿ ಶುರುಮಾಡಿದ್ದರೆ ಆ ಸುತ್ತನ್ನು ಗೆಲ್ಲುತ್ತಿದ್ದರು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಎರಡು ಸುತ್ತುಗಳ ಹೊತ್ತು ಅವರು ತಮ್ಮ ಅತ್ಯುತ್ತಮ ಆಯುಧವನ್ನು ಒರೆಯಲ್ಲೇ ಇಟ್ಟಿದ್ದರು ಎಂಬ ವ್ಯಥೆ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಎದುರಾಗಿ ನಮ್ಮ ಕಾಲದ ಚಾಂಪಿಯನ್ ಟೆರೆನ್ಸ್ ಕ್ರಾಫರ್ಡ್ ಅವರನ್ನು ಇಡಬೇಕು. 2014ರ ಜೂನ್ 28ರಂದು ಒಮಾಹಾದಲ್ಲಿ ಯುರಿಯೊರ್ಕಿಸ್ ಗಂಬೋವಾ ಎದುರು ಅವರು ಆರ್ಥೊಡಾಕ್ಸ್ ಆಗಿಯೇ ಆರಂಭಿಸಿದರು. ಗಂಬೋವಾ ಅವರ ವೇಗ ತೊಂದರೆ ಕೊಡತೊಡಗಿತು. ಕ್ರಾಫರ್ಡ್ ಸೌತ್‌ಪಾ ನಿಲುವಿಗೆ ಬದಲಾದರು, 5ನೇ ಸುತ್ತಿನಲ್ಲಿ ಗಂಬೋವಾ ನೆಲಕ್ಕೆ ಬಿದ್ದರು, 9ನೇ ಸುತ್ತಿನಲ್ಲಿ ಆಟ ಮುಗಿಯಿತು. 2023ರಲ್ಲಿ ಎರಲ್ ಸ್ಪೆನ್ಸ್ ಎದುರೂ 2025ರಲ್ಲಿ ಕನೆಲೊ ಆಲ್ವಾರೆಜ್ ಎದುರೂ ಅವರು ಬಹುಪಾಲು ಸೌತ್‌ಪಾ ಆಗಿಯೇ ಆಡಿ ಗೆದ್ದರು. ಆ ಆಟಗಳನ್ನು ಜ್ಯಾಬ್ ಮಾತ್ರ ಗಮನಿಸುತ್ತಾ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕ್ರಾಫರ್ಡ್ ಅವರ ಬಲಗೈ ಜ್ಯಾಬ್ ಎಡಗೈ ಜ್ಯಾಬ್‌ಗಿಂತ ಯಾವುದರಲ್ಲೂ ಕಡಿಮೆಯಿಲ್ಲ, ಹಿಂದೆ ಸರಿಯುವಾಗಲೂ ಅಲ್ಲ. ಎದುರಾಳಿ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅವರು ಕಾಲು ಬದಲಿಸುತ್ತಾರೆ, ಬದಲಿಸಿದ ಮೇಲೆ ಅಲ್ಲಿಯೇ ವಾಸವಾಗಿರುತ್ತಾರೆ. ಹ್ಯಾಗ್ಲರ್ ಅಂದು ಪ್ರಶ್ನೆ ಬರುವ ಮೊದಲೇ ಉತ್ತರ ಬದಲಿಸಿದ್ದರು.

ವೃತ್ತಿಪರ ಪುರುಷರ ಪಟ್ಟದ ಆಟದಲ್ಲಿ 12 ಸುತ್ತು, 36 ನಿಮಿಷ. ಹೊಸದೊಂದನ್ನು ಪರೀಕ್ಷಿಸಿ ಫಲಿಸದಿದ್ದರೆ ಮರಳಲು ಅಲ್ಲಿ ಸಮಯವಿದೆ. ನಮ್ಮಂಥ ಹವ್ಯಾಸಿಗಳಿಗೆ ಇರುವುದು ಮೂರು ಸುತ್ತು, ಒಂಬತ್ತು ನಿಮಿಷ. ಅದರಲ್ಲಿ ಒಂದು ಸುತ್ತನ್ನು ಪ್ರಯೋಗಕ್ಕೆ ಕೊಟ್ಟರೆ ಉಳಿದ ಎರಡನ್ನೂ ಗೆಲ್ಲಬೇಕಾಗುತ್ತದೆ. ಹವ್ಯಾಸಿಗಳು ಈ ವಿಷಯದಲ್ಲಿ ವೃತ್ತಿಪರರಿಗಿಂತ ಹೆಚ್ಚು ಜಿಪುಣರಾಗಿರಬೇಕು ಎನ್ನುವುದು ಇದಕ್ಕೇ.

ಈಗ ಸಂಜೆಗಳಲ್ಲಿ ಕಿರಿಯರಿಗೆ ಹೇಳಿಕೊಡುತ್ತೇನೆ. ಮೊದಲ ಎರಡು ವರ್ಷ ಯಾರ ಕಾಲನ್ನೂ ತಿರುಗಿಸಲು ಬಿಡುವುದಿಲ್ಲ, ಏಕೆಂದರೆ ಒಂದು ಮನೆ ಕಟ್ಟುವ ಮೊದಲು ಎರಡನೆಯದಕ್ಕೆ ಪಾಯ ತೋಡಿದರೆ ಎರಡೂ ಸೋರುತ್ತವೆ. ಆಮೇಲೆ ವಾರಕ್ಕೆ ಒಂದು ದಿನ, ಹತ್ತು ನಿಮಿಷ, ಎದುರು ನಿಲುವಿನಲ್ಲಿ ಬರೀ ನಡಿಗೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಕೈ ಎರಡೂ ಕೆನ್ನೆಯ ಬಳಿ. ನಂತರ ಎದುರಿನವರು ಮೆಲ್ಲಗೆ ಗುದ್ದುವುದು, ಇವರು ತಡೆಯುವುದು ಮತ್ತು ತಪ್ಪಿಸಿಕೊಳ್ಳುವುದು ಮಾತ್ರ. ಅದಾದ ಮೇಲೆ ಮುಂದಿನ ಕೈಯ ಜ್ಯಾಬ್. ಹಿಂದಿನ ಕೈಯ ಗುದ್ದು ಎಲ್ಲಕ್ಕಿಂತ ಕೊನೆಗೆ. ನಾನು ಕಲಿತ ಕ್ರಮ ಇದರ ತದ್ವಿರುದ್ಧವಾಗಿತ್ತು, ಮೊದಲು ಗುದ್ದು ಬಂತು, ಉಳಿದುದು ಬರಲೇ ಇಲ್ಲ. ಹುಟ್ಟಾ ಎಡಚರಾದ ಮಕ್ಕಳು ಬಂದರೆ ಅವರನ್ನು ಎರಡೂ ರೀತಿಯಲ್ಲಿ ನಿಲ್ಲಿಸಿ ನೋಡುತ್ತೇನೆ, ಕಾಲು ಎಲ್ಲಿ ಹಗುರಾಗಿ ಚಲಿಸುತ್ತದೆಯೋ ಆ ನಿಲುವು ಅವರದಾಗುತ್ತದೆ. ಎಲ್ಲರ ಜೊತೆ ಸಾಲಾಗಿ ಕಲಿಸಲು ಸುಲಭವೆಂದು ಅವರನ್ನು ಆರ್ಥೊಡಾಕ್ಸ್ ಮಾಡುವುದನ್ನು ಕಂಡಾಗ ಬೇಸರವಾಗುತ್ತದೆ.

ಕಳೆದ ತಿಂಗಳಿನಿಂದ ನಮ್ಮಲ್ಲಿ ಒಬ್ಬ ಹುಡುಗಿ ಸೌತ್‌ಪಾ ಎದುರಾಳಿಯೊಡನೆ ಆಡಲು ತಯಾರಾಗುತ್ತಿದ್ದಾಳೆ. ಅವಳ ಜೊತೆಗೆ ಸೌತ್‌ಪಾ ಆಗಿ ನಿಲ್ಲಲು ಎರಡೂವರೆ ವರ್ಷದಿಂದ ಬರುತ್ತಿರುವ ಒಬ್ಬ ಹುಡುಗನನ್ನು ಹಚ್ಚಿದ್ದೇನೆ. ಅವನ ಎಡಗೈಯಲ್ಲಿ ಬಲ ಬರುತ್ತಿರುವುದು ಅವನಿಗೂ ಗೊತ್ತಾಗಿದೆ. "ಸರ್, ಎಡಗೈ ಬಿಡಲಾ?" ಎಂದು ಮೊನ್ನೆ ಕೇಳಿದ. ಇನ್ನೂ ಮೂರು ವಾರ ಜ್ಯಾಬ್ ಮಾತ್ರ ಎಂದೆ. ಮುಖ ಸಣ್ಣದಾಯಿತು, ಆದರೂ ಬಲಗಾಲನ್ನು ಮುಂದಿಟ್ಟು ಗಾರ್ಡ್ ಎತ್ತಿಕೊಂಡ. ಅವಳು ಎಡಗಾಲನ್ನು ಅವನ ಹೊರಬದಿಗೆ ತಂದು ಬಲಗೈ ಬಿಟ್ಟಳು. ಅವನ ಗದ್ದ ಈ ಸಲ ಬಲ ಭುಜದ ಹಿಂದೆ ಇತ್ತು.